ಬಾಲ್ಕನಿಗೆ ಬಂದ ರೆಕ್ಕೆ ಮುರಿದ ಅತಿಥಿ

ಕಳೆದ ಅಕ್ಟೋಬರ್‌, ದಸರಾ ಮುಗಿದ ಮೊದಲ ಶನಿವಾರ. ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೊತ್ತಿಗೆ ಬಾಲ್ಕನಿಯ ಗಾಜಿಗೆ ಯಾರೋ ಚೆಂಡು ಎಸೆದಂತೆ ಧಡ್ ಎಂದು ಸದ್ದಾಯಿತು. ಬಾಗಿಲು ತೆಗೆದು ನೋಡಿದರೆ, ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಕೆಳಗೆ ದೊಡ್ಡ ಪಾರಿವಾಳವೊಂದು ಮುದುಡಿ ಕೂತಿತ್ತು. ಎಡ ರೆಕ್ಕೆ ನೆಲಕ್ಕೆ ಜೋತುಬಿದ್ದಿತ್ತು. ಗಾಜಿನ ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿಯ ಆಕಾರ ಬೂದಿ ಬಣ್ಣದ ಪುಡಿಯಲ್ಲಿ ಅಚ್ಚೊತ್ತಿದ ಹಾಗಿತ್ತು.

ನಾವಿರುವುದು ಸ್ವೀಡನ್ನಿನ ದಕ್ಷಿಣದ ಸ್ಕೋನೆ ಪ್ರಾಂತ್ಯದ ಹೆಲ್ಸಿಂಗ್‌ಬೋರ್ಯ್ ಊರಿನಲ್ಲಿ. ಸಮುದ್ರದ ಆಚೆ ದಡದಲ್ಲಿ ಡೆನ್ಮಾರ್ಕ್ ಕಾಣುತ್ತದೆ. ನಡುವಿನ ಓರೆಸುಂಡ್ ಜಲಸಂಧಿ ಇಲ್ಲಿ ನಾಲ್ಕು ಕಿಲೋಮೀಟರ್ ಅಗಲವಷ್ಟೆ, ಹಡಗಿನಲ್ಲಿ 20 ನಿಮಿಷದ ದಾರಿ. ನಾವು ಲೆಕ್ಕಪತ್ರದ ಜನ. ಬಿಕಾಂ, ಸಿಎ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಮಾಡಿ, ಮನೆಯವರ ಉದ್ಯೋಗದ ಕಾರಣಕ್ಕೆ ಇಲ್ಲಿಗೆ ಬಂದವರು. ಅಂಕಿ-ಸಂಖ್ಯೆ ಬಿಟ್ಟರೆ ಹಕ್ಕಿಗಳ ವಿಷಯದಲ್ಲಿ ನಮ್ಮ ಜ್ಞಾನ ಸೊನ್ನೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂರುವ ಪಾರಿವಾಳಕ್ಕಿಂತ ಇದು ದೊಡ್ಡದು. ಎದೆ ತಿಳಿ ಗುಲಾಬಿ, ಕತ್ತಿನ ಎರಡೂ ಬದಿ ಬಿಳಿ ಮಚ್ಚೆ. ಇಲ್ಲಿನವರು ಇದನ್ನು ‘ರಿಂಗ್‌ದೂವಾ’ ಎನ್ನುತ್ತಾರೆ. ಮರಗಳಲ್ಲಿ ಗೂಡು ಕಟ್ಟುವ ಕಾಡು ಪಾರಿವಾಳ. ಸ್ವೀಡನ್ನಿನ ಹೆಚ್ಚಿನ ರಿಂಗ್‌ದೂವಾಗಳು ಚಳಿಗಾಲಕ್ಕೆ ಮೊದಲು ದಕ್ಷಿಣಕ್ಕೆ ವಲಸೆ ಹೋಗುತ್ತವೆ. ಅಕ್ಟೋಬರಿನಲ್ಲಿ ಸ್ಕೋನೆಯ ತುದಿಯ ಫಾಲ್‌ಸ್ಟರ್‌ಬೂ ಎಂಬಲ್ಲಿ ಇವುಗಳ ಹಿಂಡು ಆಕಾಶ ತುಂಬಿ ಸಾಗುವುದನ್ನು ನೋಡಲೆಂದೇ ಜನ ಬರುತ್ತಾರೆ. ಹಾರಬೇಕಾದ ತಿಂಗಳಲ್ಲೇ ಇದರ ರೆಕ್ಕೆ ಮುರಿದಿತ್ತು.

ಶನಿವಾರ ಸಂಜೆ ಎಂದರೆ ಇಲ್ಲಿ ಎಲ್ಲವೂ ಬಾಗಿಲು ಹಾಕಿದ ಹಾಗೆಯೇ. ಎರಡು ಕಡೆ ಫೋನ್ ಮಾಡಿದೆವು. ಕಾಡುಹಕ್ಕಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಕೊನೆಗೆ ಪಕ್ಕದ ಮನೆಯವರು ‘ಕೆಎಫ್‌ವಿ’ ಎಂಬ ಸಂಸ್ಥೆಯ ಹೆಸರು ಹೇಳಿದರು. ಗಾಯಗೊಂಡ ಹಕ್ಕಿ, ಕಾಡುಪ್ರಾಣಿಗಳನ್ನು ಆರೈಕೆ ಮಾಡುವ ಸ್ವಯಂಸೇವಕರ ಜಾಲವದು. ಅದರ ಮೂಲಕ ಊರ ಹೊರಗಿನ ಹಳ್ಳಿಯೊಂದರಲ್ಲಿರುವ, ಎಪ್ಪತ್ತು ದಾಟಿದ ಹೆಂಗಸೊಬ್ಬರು ಫೋನಿಗೆ ಸಿಕ್ಕರು. ಮಗಳು ಆಮೇಲೆ ಅವರಿಗೆ ‘ಹಕ್ಕಿ ಅಜ್ಜಿ’ ಎಂದೇ ಹೆಸರಿಟ್ಟಳು.

ಅವರು ಹೇಳಿದ ಮೊದಲ ಮಾತು, “ನೀವು ಮಾಡುವುದಕ್ಕಿಂತ ಮಾಡದೆ ಇರಬೇಕಾದ್ದೇ ಹೆಚ್ಚು.” ಗಾಳಿಯಾಡುವ ರಟ್ಟಿನ ಡಬ್ಬ, ಒಳಗೊಂದು ಹಳೆ ಟವೆಲ್. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬದ ಅರ್ಧ ಭಾಗದ ಅಡಿಗೆ ಮಾತ್ರ ಇಡಬೇಕು. ಸೆಕೆಯಾದರೆ ಹಕ್ಕಿ ಇನ್ನರ್ಧಕ್ಕೆ ಸರಿದುಕೊಳ್ಳುತ್ತದೆ. ಕತ್ತಲು ಮತ್ತು ಮೌನವೇ ಮೊದಲ ಔಷಧಿ. ಸವರುವುದು, ಮಾತಾಡಿಸುವುದು, ಫೋಟೊ ತೆಗೆಯುವುದು ಯಾವುದೂ ಬೇಡ. ನಮಗೆ ಪ್ರೀತಿ ಅನ್ನಿಸುವುದು ಅದಕ್ಕೆ ಗಿಡುಗನ ಕೈಗೆ ಸಿಕ್ಕ ಹಾಗೆ.

ಟವೆಲ್ ಹಾಕಿ ಹಿಡಿದೆವು. ಕೈ ತುಂಬ ಗರಿ ಉದುರಿತು! ನಾವೇ ಏನೋ ಮಾಡಿಬಿಟ್ಟೆವು ಎಂದು ಎದೆ ಧಸಕ್ಕೆಂದಿತು. ಮತ್ತೆ ಫೋನ್. “ಪಾರಿವಾಳ ಹೆದರಿದರೆ ಹಾಗೆಯೇ. ಶತ್ರುವಿನ ಬಾಯಿಗೆ ಗರಿ ಬಿಟ್ಟು ತಾನು ತಪ್ಪಿಸಿಕೊಳ್ಳುತ್ತದೆ. ಮತ್ತೆ ಬೆಳೆಯುತ್ತದೆ, ಬಿಡಿ” ಎಂದು ಅಜ್ಜಿ ನಕ್ಕರು.

ಮನೆಯವರಿಗೆ ಬೇರೆ ಚಿಂತೆ. ಮುಂಬೈಯ ದಾದರ್ ಕಬೂತರ್‌ಖಾನೆಗೆ ಟಾರ್ಪಾಲು ಹೊದಿಸಿ ಮುಚ್ಚಿದ ಸುದ್ದಿಯನ್ನು ಆಗಸ್ಟಿನಲ್ಲಷ್ಟೇ ಓದಿದ್ದರು. ಪಾರಿವಾಳದ ಹಿಕ್ಕೆಯ ದೂಳಿನಿಂದ ಶ್ವಾಸಕೋಶಕ್ಕೆ ತೊಂದರೆಯಾಗುವುದು ಸುಳ್ಳೇನಲ್ಲ. ಯುರೋಪಿನಲ್ಲಿ ಹಕ್ಕಿಜ್ವರದ ಭಯವೂ ಇದೆ. ಆದ್ದರಿಂದ ಡಬ್ಬವನ್ನು ಸ್ಟೋರ್‌ರೂಮಿನಲ್ಲಿಟ್ಟು, ಕೈಗವಸು, ಮಾಸ್ಕ್ ಹಾಕಿದವರಿಗೆ ಮಾತ್ರ ಪ್ರವೇಶ ಎಂದು ಕಟ್ಟುನಿಟ್ಟು ಮಾಡಿದೆವು. ಹತ್ತು ವರ್ಷದ ಮಗಳು ಬಾಗಿಲ ಹೊರಗೆ ಕೂತು ಹಕ್ಕಿಗೆ ‘ಮುತ್ತು’ ಎಂದು ಹೆಸರಿಟ್ಟಳು.

ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಅಮ್ಮನ ವಿಡಿಯೊ ಕಾಲ್. ಅಮ್ಮ ಒಬ್ಬರೇ ಇರುವುದು. ನವರಾತ್ರಿಯ ಮೊದಲ ವಾರ ಬಚ್ಚಲಿನಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಪಕ್ಕದ ಮನೆಯವರು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದ್ದರು. ಕೈ ಹೇಗಿದೆ ಎಂದು ನಾವು ಕೇಳುವ ಮೊದಲೇ ಹಕ್ಕಿಯ ಸುದ್ದಿ ಮಗಳ ಬಾಯಿಂದ ಹೊರಬಿತ್ತು.

“ಅಯ್ಯೋ, ಬಾಯಿಗೆ ಒಂಚೂರು ನೀರು ಬಿಡೇ ಮಾರಾಯ್ತಿ. ಅರಿಸಿನ ಹಚ್ಚಿದ್ಯೇನೇ? ಮೆತ್ತಗೆ ಅನ್ನ ಕಲ್ಸಿ ಕೊಡು.”

ಈ ಮೂರೂ ಮಾಡಬಾರದ್ದೇ! ಹಕ್ಕಿಯ ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ಇರುತ್ತದೆ. ನಾವು ನೀರು ಹನಿಸಿದರೆ ನೇರ ಶ್ವಾಸಕೋಶಕ್ಕೆ ಹೋಗಬಹುದು. ಆಳದ ಬಟ್ಟಲಲ್ಲಿ ನೀರಿಟ್ಟರೆ ಸಾಕು. ಬೇರೆ ಹಕ್ಕಿಗಳು ಗುಟುಕು ತುಂಬಿ ತಲೆ ಎತ್ತಿ ನುಂಗಿದರೆ, ಪಾರಿವಾಳ ಕೊಕ್ಕು ಮುಳುಗಿಸಿ ಹಸುವಿನಂತೆ ಹೀರುತ್ತದೆ. ಅನ್ನ, ಬ್ರೆಡ್, ಹಾಲು ಬೇಡ. ಗೋಧಿ, ಒಣ ಬಟಾಣಿ, ಜೋಳದ ಕಾಳು ಬೇಕು. ನಮ್ಮ ಡಬ್ಬಿಯಲ್ಲಿದ್ದ ಬಟಾಣಿಯನ್ನೇ ಹಾಕಿದೆವು. ಮಧ್ಯಾಹ್ನ ಇಣುಕಿದಾಗ ಎಂಟು ಕಾಳು ಕಡಿಮೆಯಾಗಿತ್ತು. ಎಣಿಸಿಯೇ ಹಾಕಿದ್ದೆವು, ವೃತ್ತಿದೋಷ! ಡಬ್ಬದ ಸಮೇತ ತೂಗಿ, ಡಬ್ಬದ ತೂಕ ಕಳೆದು, 458 ಗ್ರಾಂ ಎಂದು ಬರೆದಿಟ್ಟುಕೊಂಡೆವು. ಈ ಜಾತಿಗೆ ಅರ್ಧ ಕಿಲೋ ಆಸುಪಾಸು ಸಹಜ ತೂಕವಂತೆ.

ಸೋಮವಾರ ಅರ್ಧ ದಿನ ರಜೆ ಹಾಕಿ ಪ್ರಾಣಿ ಆಸ್ಪತ್ರೆಗೆ ಹೋದೆವು. ಎಕ್ಸ್-ರೇಗೆ ಮೊದಲೇ ವೈದ್ಯೆ ಒಂದು ಮಾತು ಸ್ಪಷ್ಟಪಡಿಸಿದರು. ಕೀಲು ಒಡೆದಿದ್ದರೆ ಹಕ್ಕಿ ಮತ್ತೆ ಸರಿಯಾಗಿ ಹಾರುವುದು ಕಷ್ಟ. ಹಾರಲಾಗದ ಕಾಡುಹಕ್ಕಿಯನ್ನು ಪಂಜರದಲ್ಲಿ ಉಳಿಸುವುದಕ್ಕಿಂತ ನೋವಿಲ್ಲದೆ ಕಳಿಸಿಕೊಡುವುದೇ ಮೇಲು ಎಂಬುದು ಅವರ ನಿಲುವು. ಮಗಳು ಶಾಲೆಯಲ್ಲಿದ್ದಳು. ಅವಳಿಗೆ ಏನು ಹೇಳುವುದು ಎಂದು ನಾವು ಕಾಯುವ ಕೋಣೆಯಲ್ಲಿ ಕೂತು ಮಾತು ಹುಡುಕುತ್ತಿದ್ದೆವು.

ಅದೃಷ್ಟ ಚೆನ್ನಾಗಿತ್ತು. ನಮ್ಮ ಮುಂಗೈಯಲ್ಲಿರುವ ಹಾಗೆಯೇ ಹಕ್ಕಿಯ ರೆಕ್ಕೆಯಲ್ಲೂ ರೇಡಿಯಸ್, ಅಲ್ನಾ ಎಂಬ ಜೋಡಿ ಮೂಳೆಗಳಿವೆ. ಮುತ್ತುವಿನ ಅಲ್ನಾ ಮುರಿದಿತ್ತು, ರೇಡಿಯಸ್ ಗಟ್ಟಿಯಾಗಿತ್ತು. ಎರಡರಲ್ಲಿ ಒಂದು ನೆಟ್ಟಗಿದ್ದರೆ ಅದೇ ಇನ್ನೊಂದಕ್ಕೆ ದಬ್ಬೆ ಕಟ್ಟಿದ ಹಾಗೆ ಆಧಾರ ಕೊಡುತ್ತದೆ. ರೆಕ್ಕೆಯನ್ನು ಮಡಿಚಿ ಎಂಟರ ಆಕಾರದಲ್ಲಿ ಬ್ಯಾಂಡೇಜು ಸುತ್ತಿದರು. ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಮೂರು ವಾರ ಸಾಕು. ಅದಕ್ಕಿಂತ ಹೆಚ್ಚು ದಿನ ಕಟ್ಟಿಟ್ಟರೆ ಕೀಲು ಬಿಗಿದುಕೊಂಡು, ಮೂಳೆ ಕೂಡಿದರೂ ರೆಕ್ಕೆ ಬಿಚ್ಚುವುದಿಲ್ಲ.

ಆ ಮೂರು ವಾರ ಮನೆಯಲ್ಲೇ ಇಟ್ಟುಕೊಳ್ಳೋಣ ಎಂದು ಮಗಳು ಹಟ ಹಿಡಿದಳು. ನಮಗೂ ಆಸೆಯಿತ್ತು. ಆದರೆ ಇಲ್ಲಿ ಕಾಡುಹಕ್ಕಿಯನ್ನು ಮನೆಯಲ್ಲಿ ಸಾಕುವಂತಿಲ್ಲ; ದೀರ್ಘ ಆರೈಕೆಗೆ ಅನುಮತಿ ಪಡೆದವರೇ ಬೇಕು. ಕಾನೂನು ಪಕ್ಕಕ್ಕಿಟ್ಟರೂ, ಬ್ಯಾಂಡೇಜು ಸಡಿಲವಾದರೆ ಕಟ್ಟಲು ನಮಗೆ ಬರುತ್ತಿತ್ತೇ? ಮನುಷ್ಯರಿಗೆ ಒಗ್ಗಿಹೋದ ಹಕ್ಕಿ ಹೊರಗೆ ಬೆಕ್ಕಿನ ಬಾಯಿಗೆ ಸಿಗದೆ ಉಳಿದೀತೇ? ಸಂಜೆ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಹಕ್ಕಿ ಅಜ್ಜಿಯ ಮನೆಗೆ ಹೋಗಿ ಒಪ್ಪಿಸಿ ಬಂದೆವು. ಮಗಳು ದಾರಿಯುದ್ದಕ್ಕೂ ಅತ್ತಳು.

ರಾತ್ರಿ ಆಫೀಸಿನ ವ್ಯವಸ್ಥೆಯಲ್ಲಿ ಆ ಅರ್ಧ ದಿನದ ರಜೆ ನಮೂದಿಸುತ್ತಿದ್ದಾಗ ಕೈ ನಿಂತಿತು. ಹಕ್ಕಿಗೆ ರಜೆ ಹಾಕಿದ ನಾವು ಅಮ್ಮ ಬಿದ್ದಾಗ ಹಾಕಿರಲಿಲ್ಲ. ಸೆಪ್ಟೆಂಬರ್ ಕೊನೆ, ತ್ರೈಮಾಸಿಕದ ಲೆಕ್ಕ ಮುಗಿಸುವ ವಾರ. “ನೀ ಬಂದು ಏನ್ ಮಾಡ್ತೀಯೇ, ಪ್ಲಾಸ್ಟರ್ ಹಾಕಿ ಆಯ್ತಲ್ಲ” ಎಂದು ಅಮ್ಮನೂ ಹೇಳಿದ್ದರು. ಆ ಮಾತನ್ನು ನಾವು ತುಸು ಬೇಗನೆ ಒಪ್ಪಿಕೊಂಡಿದ್ದೆವು. ಪರದೇಶದಲ್ಲಿರುವ ಮಕ್ಕಳಿಗೆ, ಅವರನ್ನು ಕಳಿಸಿಕೊಟ್ಟು ಊರಲ್ಲಿರುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರುದಿನ ಪಕ್ಕದ ಮನೆಯ ಅಕ್ಕನಿಗೆ ಫೋನ್ ಮಾಡಿದೆವು. ಅಲ್ಲಿಯವರೆಗೆ ಅವರಿಗೆ ನೆಟ್ಟಗೆ ಒಂದು ಥ್ಯಾಂಕ್ಸ್ ಹೇಳಿರಲಿಲ್ಲ. ಅಮ್ಮನಿಗೆ ತಲೆ ಬಾಚಿಕೊಳ್ಳಲು ಆಗುತ್ತಿಲ್ಲ, ರಾತ್ರಿ ನೋವಿಗೆ ನಿದ್ದೆಯಿಲ್ಲ ಎಂಬುದೆಲ್ಲ ಆಗ ಗೊತ್ತಾಯಿತು. ಅಮ್ಮ ವಿಡಿಯೊದಲ್ಲಿ ಒಂದು ದಿನವೂ ಹೇಳಿರಲಿಲ್ಲ. ಬೆಳಿಗ್ಗೆ-ಸಂಜೆ ಬಂದುಹೋಗುವ ಹೆಂಗಸೊಬ್ಬರನ್ನು ಅಕ್ಕನೇ ಗೊತ್ತು ಮಾಡಿಕೊಟ್ಟರು. ಬಚ್ಚಲಿಗೆ ಹಿಡಿಕೆ ಹಾಕಿಸಿದೆವು.

ಮಗಳ ದುಃಖಕ್ಕೂ ಒಂದು ಕೆಲಸ ಸಿಕ್ಕಿತು. ಗಾಜಿನಲ್ಲಿ ಮರ, ಆಕಾಶದ ಪ್ರತಿಬಿಂಬ ಕಂಡೇ ಹಕ್ಕಿಗಳು ಬಂದು ಬಡಿಯುವುದು. ಗಾಜಿನ ಹೊರಮೈಗೆ ಎರಡು ಅಂಗುಲಕ್ಕೊಂದರಂತೆ ಚುಕ್ಕೆ ಹಚ್ಚಿದರೆ ಅವು ದಾರಿ ಬದಲಿಸುತ್ತವೆ. ಗಿಡುಗನ ಚಿತ್ರವೊಂದನ್ನು ಅಂಟಿಸಿದರೆ ಸಾಲದು. ಚುಕ್ಕೆ ಎಂದ ಕೂಡಲೇ ಅಮ್ಮ ಚುರುಕಾದರು. ಕೈಯಲ್ಲಿ ಪ್ಲಾಸ್ಟರ್ ಇದ್ದು ಆ ದೀಪಾವಳಿಗೆ ಅವರ ಅಂಗಳದಲ್ಲಿ ರಂಗೋಲಿ ಇಲ್ಲ. ಬದಲಿಗೆ ವಿಡಿಯೊದಲ್ಲಿ “ಹದಿನೈದು ಚುಕ್ಕಿ ಹದಿನೈದು ಸಾಲು ಇಡೇ ಪುಟ್ಟಿ, ಸೊಟ್ಟ ಆಗ್ಬಾರ್ದು” ಎಂದು ಹೇಳಿಕೊಡುತ್ತಾ ಹೋದರು. ನಮ್ಮ ಬಾಲ್ಕನಿಯ ಗಾಜಿನ ತುಂಬ ಈಗ ತೀರ್ಥಹಳ್ಳಿಯ ಚುಕ್ಕಿ ರಂಗೋಲಿ. ಆಮೇಲೆ ಒಂದು ಹಕ್ಕಿಯೂ ಬಡಿದಿಲ್ಲ.

ಭಾನುವಾರಗಳಂದು ಕಾಳಿನ ಚೀಲ ಹಿಡಿದು ಹಕ್ಕಿ ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ದೂರದಿಂದಷ್ಟೇ ನೋಡಬೇಕು, ಮಾತಾಡುವಂತಿಲ್ಲ. ಅಕ್ಟೋಬರ್ ಕೊನೆಯಲ್ಲಿ ಬ್ಯಾಂಡೇಜು ಬಿಚ್ಚಿದರು. ಅಮ್ಮನ ಪ್ಲಾಸ್ಟರಿಗೆ ಇನ್ನೂ ಒಂದು ವಾರಕ್ಕೂ ಹೆಚ್ಚು ಬಾಕಿ. “ನೋಡು, ನನಗಿಂತ ಮೊದ್ಲು ಅದ್ಕೇ ಬಿಡುಗಡೆ” ಎಂದು ಅಮ್ಮ ನಕ್ಕರು. ಆಮೇಲೆ ಬಲೆ ಕಟ್ಟಿದ ದೊಡ್ಡ ಗೂಡಿನಲ್ಲಿ ಹಾರಾಟದ ಅಭ್ಯಾಸ. ಮೊದಲ ದಿನ ಎರಡಡಿ ಹಾರಿ ಧೊಪ್ಪೆಂದು ಬಿದ್ದದ್ದು, ಹತ್ತು ದಿನದಲ್ಲಿ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹಾರತೊಡಗಿತು. ತೂಕ 510 ಗ್ರಾಂ.

ಇದನ್ನು ಓದುವ ನಿಮ್ಮ ಮನೆಯಂಗಳಕ್ಕೂ ಒಂದು ದಿನ ಇಂಥ ಅತಿಥಿ ಬರಬಹುದು. ಆಷಾಢದ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹಕ್ಕಿಗಳು ನಮ್ಮೂರುಗಳಲ್ಲಿ ಎಷ್ಟಿಲ್ಲ! ಕ್ರಮ ಅದೇ: ಕತ್ತಲ ಡಬ್ಬ, ಬೆಚ್ಚಗಿನ ಜಾಗ, ಬಾಯಿಗೆ ಏನೂ ಹಾಕದಿರುವುದು, ಬೇಗನೆ ಬಲ್ಲವರ ಕೈಗೆ ಒಪ್ಪಿಸುವುದು. ರೆಕ್ಕೆಗೆ ಸುತ್ತಿದ ದಾರವನ್ನು ಎಳೆಯಬೇಡಿ, ಕತ್ತರಿಸಿ. ಬೆಕ್ಕು ಕಚ್ಚಿದ ಹಕ್ಕಿ ಹೊರಗೆ ಚೆನ್ನಾಗಿ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ. ಬೆಕ್ಕಿನ ಹಲ್ಲಿನ ನಂಜು ಬೇಗ ಏರುತ್ತದೆ. ಬೆಂಗಳೂರಿನವರಿಗೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ. ಬೇರೆ ಊರುಗಳಲ್ಲಿ ಪಶು ಆಸ್ಪತ್ರೆ, ಅರಣ್ಯ ಇಲಾಖೆಯ ಕಚೇರಿಯನ್ನು ಕೇಳಬಹುದು.

ನವೆಂಬರಿನ ಎರಡನೇ ಶನಿವಾರ ಬೆಳಿಗ್ಗೆ, ಊರ ಉತ್ತರದ ಪೋಲ್‌ಶೋ ಕಾಡಿನ ಅಂಚಿಗೆ ಹೋದೆವು. ಬೀಚ್ ಮರಗಳ ಕಾಡು. ಅದರ ಕಾಯಿಗಳೆಂದರೆ ರಿಂಗ್‌ದೂವಾಗೆ ಪ್ರಾಣ. ಬಹಳಷ್ಟು ಹಿಂಡುಗಳು ಆಗಲೇ ದಕ್ಷಿಣಕ್ಕೆ ಹೋಗಿದ್ದವು. ಆದರೆ ಸ್ಕೋನೆಯಲ್ಲಿ ಚಳಿಗಾಲ ಕಳೆಯುವ ಪಾರಿವಾಳಗಳೂ ಇವೆ, ಇದಕ್ಕೂ ಜೊತೆ ಸಿಗುತ್ತದೆ ಎಂದು ಅಜ್ಜಿ ಧೈರ್ಯ ಹೇಳಿದರು. ಅಮ್ಮನಿಗೆ ಕಾಲ್ ಮಾಡಿ ಮಗಳ ಕೈಗೆ ಫೋನ್ ಕೊಟ್ಟೆವು. ಪ್ಲಾಸ್ಟರ್ ಬಿಚ್ಚಿಸಿಕೊಂಡು ಎರಡು ದಿನವಾಗಿತ್ತು. ಬಡಕಲಾದ ಕೈಯನ್ನು ಅಮ್ಮ ಮಡಿಲಲ್ಲಿಟ್ಟುಕೊಂಡಿದ್ದರು.

ಅಜ್ಜಿ ಡಬ್ಬದ ಮುಚ್ಚಳ ತೆಗೆದರು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಚಪ್ಪಾಳೆ ತಟ್ಟಿದಂಥ ಸದ್ದು. ನಾವು ತಲೆ ಎತ್ತುವಷ್ಟರಲ್ಲಿ ಮುತ್ತು ಮರಗಳ ಮೇಲಿತ್ತು. ಒಮ್ಮೆಯೂ ತಿರುಗಿ ನೋಡಲಿಲ್ಲ. ಗಡಿಬಿಡಿಯಲ್ಲಿ ಮಗಳು ಕ್ಯಾಮೆರಾವನ್ನು ತನ್ನ ಬೂಟಿನ ಕಡೆ ಹಿಡಿದಿದ್ದಳು.

“ಅಜ್ಜಿ, ಕಾಣಿಸ್ತಾ?”

“ಇಲ್ವೇ ಪುಟ್ಟಿ. ಹೋಯ್ತಾ?”

“ಹೋಯ್ತು.”

“ಅಷ್ಟು ಸಾಕು ಬಿಡು” ಎಂದರು ಅಮ್ಮ.

ಮನೆಗೆ ಬಂದು ಕ್ರಿಸ್‌ಮಸ್ ರಜೆಗೆ ಬೆಂಗಳೂರಿನ ಟಿಕೆಟ್ ನೋಡಿದೆವು. ಬೆಲೆ ಜಾಸ್ತಿಯೇ ಇತ್ತು. ಈ ಸಲ ಲೆಕ್ಕ ಹಾಕಲು ಕೂರದೆ ಮೂರು ಟಿಕೆಟ್ ತೆಗೆದೆವು.