ಅರಮನೆಯಲ್ಲಿ ವೀಣೆ, ಮನಸ್ಸೆಲ್ಲ ಕೊನೇ ಬಸ್ಸಿನ ಮೇಲೆ!

ಮೈಸೂರು: ನವರಾತ್ರಿ ಬಂತೆಂದರೆ ಸಂತೇಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಗೊಂಬೆ ಕೂರಿಸಿದವರಿಗೆ ಚರ್ಪು ಮಾಡಲು ಬೆಲ್ಲ ಬೇಕು, ಕೊಬ್ಬರಿ ಬೇಕು, ಹುರಿಗಡಲೆ ಬೇಕು. ಆಯುಧಪೂಜೆ ಹತ್ತಿರ ಬಂದಂತೆ ಅರಿಶಿನ, ಕುಂಕುಮ, ಕರ್ಪೂರದ ವ್ಯಾಪಾರ ಬೇರೆ. ಇಂಥ ಸುಗ್ಗಿಯ ಹೊತ್ತಿನಲ್ಲಿ ಸಂಜೆ ಐದೂವರೆಗೆ ಗಲ್ಲಾಪೆಟ್ಟಿಗೆ ಬಿಟ್ಟು ಏಳುವ ವ್ಯಾಪಾರಿ ಯಾರಾದರೂ ಇದ್ದಾರೆಯೇ?

ಇದ್ದಾರೆ. ದಿನಸಿ ಅಂಗಡಿಯ ಹಿರಿಯ ಯಜಮಾನರೊಬ್ಬರು ಪ್ರತಿ ನವರಾತ್ರಿಯಲ್ಲೂ ಒಂದು ಸಂಜೆ ಹೀಗೆ ಎದ್ದುಬಿಡುತ್ತಾರೆ. ವಯಸ್ಸು ಅರವತ್ತು ದಾಟಿದೆ. ಊರು ವರುಣಾ ದಾಟಿ, ತಿರುಮಕೂಡಲು ನರಸೀಪುರದ ರಸ್ತೆ ಬಿಟ್ಟು ಒಳಕ್ಕೆ ಹೋಗಬೇಕು. ಮಗ ಮೈಸೂರಿನಲ್ಲೇ ಮನೆ ಮಾಡಿದ್ದಾನೆ. ಇವರು ಮಾತ್ರ ಊರು ಬಿಟ್ಟವರಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ರಾತ್ರಿ ಬಸ್ಸಿನಲ್ಲಿ ಹೋಗುವುದು ಮೂವತ್ತು ವರ್ಷದ ರೂಢಿ.

‘ಅಪ್ಪಾಜಿ, ಗಿರಾಕಿ ಇಷ್ಟೊಂದ್ ಇರೋವಾಗ ಎದ್ ಹೋದ್ರೆ ಹೆಂಗೆ?’ ಎಂದು ಮಗ ಕೇಳುತ್ತಾನೆ.

‘ವರ್ಷಕ್ಕೊಂದಿನ ಕಣಪ್ಪ. ಮಿಕ್ಕಿದ್ ದಿನ ತಕ್ಕಡಿ ಹಿಡ್ದಿಲ್ವಾ?’ ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಯಜಮಾನರು ಹೊರಡುತ್ತಾರೆ. ಎಲ್ಲಿಗೆ? ಅರಮನೆ ಅಂಗಳಕ್ಕೆ, ವೀಣೆ ಕೇಳಲಿಕ್ಕೆ.

ಟಿಕೆಟ್ ಇಲ್ಲದ ಕಛೇರಿ

ದಸರಾ ಕಾಲದ ಅರಮನೆ ಸಂಗೀತಕ್ಕೆ ಟಿಕೆಟ್ ಇಲ್ಲ. ಅಂಬಾವಿಲಾಸ ಅರಮನೆಯ ಮುಂದೆ ವೇದಿಕೆ, ಅದರ ಮುಂದೆ ಸಾಲುಸಾಲು ಕುರ್ಚಿ. ಮುಂದಿನ ಸೋಫಾಗಳು ಆಹ್ವಾನಿತರಿಗೆ. ಅದರ ಹಿಂದೆ ಪಾಸು ಇದ್ದವರಿಗೆ. ಅದಕ್ಕೂ ಹಿಂದೆ, ಬಿದಿರು ಕಟ್ಟಿದ ಆಚೆಗೆ, ಮಿಕ್ಕವರೆಲ್ಲ. ನಮ್ಮ ಯಜಮಾನರು ಮಿಕ್ಕವರ ಪೈಕಿ.

ಅಂದಿನ ಸಂಜೆ ಅವರ ಪಕ್ಕದಲ್ಲಿ ಕೂತಿದ್ದವರನ್ನು ನೋಡಿದರೆ ಸಾಕು, ಇದು ಎಂಥ ಸಭೆ ಎಂದು ತಿಳಿಯುತ್ತದೆ. ಎಡಕ್ಕೆ ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಅಮ್ಮ. ಮಡಿಲಲ್ಲಿ ಖಾಲಿ ಬುಟ್ಟಿ. ಬಲಕ್ಕೆ ಕೈಯಲ್ಲಿ ತಾಳ ಹಾಕುತ್ತ ಕೂತ ನಿವೃತ್ತ ಮೇಷ್ಟರು. ಹಿಂದೆ ಮಕ್ಕಳೊಂದಿಗೆ ದೀಪ ನೋಡಲು ಬಂದ ಸಂಸಾರಗಳು. ಸಂಗೀತಕ್ಕಾಗಿ ಬಂದವರೆಷ್ಟು, ದೀಪಕ್ಕಾಗಿ ಬಂದವರೆಷ್ಟು ಎಂದು ಲೆಕ್ಕ ಹಾಕುವುದು ಕಷ್ಟ.

ಏಳರ ಸುಮಾರಿಗೆ ದೀಪ ಹತ್ತಿತು. ಸುಮಾರು ಒಂದು ಲಕ್ಷ ಬಲ್ಬು, ಒಂದೇ ಕ್ಷಣ! ಗೋಪುರ, ಕಮಾನು, ಕೋಟೆ ಬಾಗಿಲು ಎಲ್ಲವೂ ಬಂಗಾರದ ಗೆರೆಯಲ್ಲಿ ಬರೆದಂತೆ ಎದ್ದು ನಿಂತವು. ಜನ ‘ಓ’ ಎಂದರು. ಪ್ರತಿ ವರ್ಷ ನೋಡುವವರೂ ‘ಓ’ ಎನ್ನುತ್ತಾರೆ, ಅದರಲ್ಲೇನೂ ನಾಚಿಕೆಯಿಲ್ಲ.

ಬೆಂಕಿಯಿಂದ ಎದ್ದ ಮನೆ

ಈಗ ಕಾಣುವ ಈ ಅರಮನೆ ಬಹಳ ಹಳೆಯದೇನಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಕಾಲದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಮದುವೆ ಮನೆ ಮಸಿಯಾಯಿತು. ಹೊಸದನ್ನು ಕಟ್ಟಲು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿ ನಕ್ಷೆ ಹಾಕಿದರು. ಸುಟ್ಟ ಮೇಲೆ ಬಂದ ಬುದ್ಧಿ ಎನ್ನಬಹುದು, ಈ ಸಲ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಹೆಚ್ಚು ಜಾಗ ಸಿಕ್ಕಿತು. 1912ರಲ್ಲಿ ಕೆಲಸ ಮುಗಿಯಿತು. ಖರ್ಚು ಸುಮಾರು 41 ಲಕ್ಷ ರೂಪಾಯಿ. ಆ ಕಾಲದ 41 ಲಕ್ಷ! ಅಷ್ಟರೊಳಗೆ, 1908ರಲ್ಲೇ, ಶಿವನಸಮುದ್ರದ ವಿದ್ಯುತ್ತು ಮೈಸೂರಿಗೆ ಬಂದಿತ್ತು. ಮನೆಯೂ ಹೊಸದು, ಬೆಳಕೂ ಹೊಸದು.

ಬೆಂಕಿಯ ನಂತರ ರಾಜಮನೆತನ ವಾಸಕ್ಕೆ ಹೋದದ್ದು ಪಕ್ಕದ ಜಗನ್ಮೋಹನ ಅರಮನೆಗೆ. ಅದು 1861ರಲ್ಲಿ ಕಟ್ಟಿದ್ದು. ಅಲ್ಲಿನ ಸಭಾಂಗಣದಲ್ಲೂ ಸಂಗೀತ ನಡೆಯುತ್ತದೆ. ಅದಕ್ಕೆ ಮಾಡು ಇದೆ. ಮಳೆ ಬಂದರೂ ಕಛೇರಿ ನಿಲ್ಲುವುದಿಲ್ಲ. ದೊಡ್ಡ ಅರಮನೆಯ ಅಂಗಳಕ್ಕೆ ಆಕಾಶವೇ ಮಾಡು. ಹಸ್ತ, ಚಿತ್ತಾ ಮಳೆ ಹಿಡಿದರೆ ಕುರ್ಚಿಗಳು ತಲೆಯ ಮೇಲೆ ಏರುತ್ತವೆ.

ಪಲ್ಲಕ್ಕಿಯಲ್ಲಿ ವೀಣೆ

ವೇದಿಕೆ ಮೇಲೆ ಇನ್ನೂ ಭಾಷಣ ನಡೆದಿತ್ತು. ಏಳಕ್ಕೆ ಎಂದಿದ್ದ ವೀಣೆ ಏಳೂವರೆಯಾದರೂ ಸುಳಿವಿಲ್ಲ. ಹಾರ, ಶಾಲು, ಪೇಟ, ಫೋಟೋ. ಮತ್ತೊಂದು ಹಾರ, ಮತ್ತೊಂದು ಫೋಟೋ. ಯಜಮಾನರು ಒಮ್ಮೆ ವೇದಿಕೆ ನೋಡುವರು, ಒಮ್ಮೆ ಕೈಗಡಿಯಾರ ನೋಡುವರು. ಅವರೂರಿನ ಕೊನೇ ಬಸ್ಸು ರಾತ್ರಿ ಒಂಬತ್ತೂವರೆಗೆ.

‘ಮಗನ ಮನೇಲಿ ಉಳ್ಕೊಬೋದಲ್ಲ ಯಜಮಾನ್ರೇ?’ ಎಂದು ಮೇಷ್ಟರು ಕೇಳಿದರು.

‘ಊರಲ್ಲಿ ನಮ್ಮನೆಯವ್ರು ಒಬ್ರೇ ಇರ್ತಾರೆ ಮೇಷ್ಟ್ರೇ. ಮೊದಲಿನಂಗೆ ಆರೋಗ್ಯ ಇಲ್ಲ’ ಎಂದರು ಯಜಮಾನರು.

ಹೊತ್ತು ಕಳೆಯಲು ಮೇಷ್ಟರು ಹಳೆಯ ಕಥೆ ತೆಗೆದರು. ವೀಣೆ ಶೇಷಣ್ಣನವರದು (1852-1926). ಬರೋಡದ ಮಹಾರಾಜರು ಶೇಷಣ್ಣನವರ ವಾದನಕ್ಕೆ ಮೆಚ್ಚಿ ಅವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿಸಿದರಂತೆ. ಮೈಸೂರಿಗೆ ಮರಳಿದ ಮೇಲೆ ಇಲ್ಲಿಯೂ ಅದೇ ಮರ್ಯಾದೆ ಆಗಬೇಕೆಂದು ಮಹಾರಾಜರು ಅಪ್ಪಣೆ ಮಾಡಿದಾಗ ಶೇಷಣ್ಣನವರು ಪಲ್ಲಕ್ಕಿಯಲ್ಲಿ ವೀಣೆಯನ್ನು ಇಟ್ಟು, ತಾವು ಪಕ್ಕದಲ್ಲಿ ನಡೆದು ಬಂದರಂತೆ! ಕಥೆಯನ್ನು ಮೈಸೂರಿಗರು ಇಂದಿಗೂ ಹೇಳುತ್ತಾರೆ. ಅದೇ ಬರೋಡದ ದೊರೆಯ ಹೆಸರಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಾವು ದಿನವೂ ಬಟ್ಟೆ, ಪಾತ್ರೆ ಕೊಳ್ಳುತ್ತೇವೆ.

ಈ ಅರಮನೆ ಸಾಕಿದ ಸಂಗೀತದ ಸಂಸಾರ ಸಣ್ಣದಲ್ಲ. ವೀಣೆ ಸುಬ್ಬಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರ್ ಎಲ್ಲರೂ ಆಸ್ಥಾನದ ವಿದ್ವಾಂಸರು. 1902ರಲ್ಲೇ ಗ್ರಾಮಫೋನ್ ತಟ್ಟೆಗೆ ಹಾಡಿ ದೇಶವೆಲ್ಲ ಹೆಸರಾದ ಗೌಹರ್ ಜಾನ್ 1928ರಲ್ಲಿ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಇದೇ ಮೈಸೂರಿನಲ್ಲಿ ಕಣ್ಣು ಮುಚ್ಚಿದರು. ಜಯಚಾಮರಾಜ ಒಡೆಯರು (1919-1974) ತಾವೇ 94 ಕೃತಿಗಳನ್ನು ರಚಿಸಿದವರು. ಅವರಿಗೆ ಪಾಶ್ಚಾತ್ಯ ಸಂಗೀತದ ಹುಚ್ಚು ಎಷ್ಟೆಂದರೆ, ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ರಚಿಸಿದ ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಮೈಸೂರಿನ ಈ ಮಹಾರಾಜರು ಹಣದ ಭರವಸೆ ಕೊಟ್ಟಿದ್ದರಿಂದ.

ಹಿಂದಿನ ಸಾಲಿನವರ ವಿದ್ವಾಂಸ

‘ನಮ್ ಕಡೆಯೋರ ಹೆಸರೇ ಬಿಟ್ರಲ್ಲ ಮೇಷ್ಟ್ರೇ’ ಎಂದರು ಯಜಮಾನರು. ಯಾರೆಂದು ಕೇಳಬೇಕೇ? ತಿರುಮಕೂಡಲು ಚೌಡಯ್ಯ (1895-1967).

ನದಿಗಳು ಕೂಡುವ ಆ ಊರಿನಿಂದ ಹುಡುಗ ಚೌಡಯ್ಯ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಬಳಿ ಪಾಠಕ್ಕೆ ಕುಳಿತರು. ಮುಂದೆ ಪಿಟೀಲಿನಲ್ಲಿ ದೊಡ್ಡ ಹೆಸರಾಯಿತು. ಆದರೆ ಅದು ಈಗಿನಂತೆ ಧ್ವನಿವರ್ಧಕದ ಕಾಲವಲ್ಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವನಿಗೆ ಪಿಟೀಲಿನ ಸಣ್ಣ ನಾದ ಸರಿಯಾಗಿ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ನಾದ ತುಂಬಿಕೊಂಡಿತು, ಹಿಂದಿನವನಿಗೂ ಕೇಳಿಸಿತು.

ಒಂದರ್ಥದಲ್ಲಿ ಅದು ಹಿಂದಿನ ಸಾಲಿನವರಿಗಾಗಿ ಹುಟ್ಟಿದ ವಾದ್ಯ. ಪಾಸು ಇಲ್ಲದವರ ವಾದ್ಯ ಎಂದರೂ ತಪ್ಪಲ್ಲ.

ದರ್ಬಾರಿನ ಕಾಲದಲ್ಲಿ ಒಳಗೆ ಕೂತು ಕೇಳುವ ಭಾಗ್ಯ ಪೇಟ, ಕೋಟು ತೊಟ್ಟ ಆಹ್ವಾನಿತರಿಗೆ ಇತ್ತೇ ಹೊರತು ಗಾಡಿ ಹೊಡೆದುಕೊಂಡು ಬಂದ ರೈತನಿಗಿರಲಿಲ್ಲ. ಸಂಗೀತ ಗೋಡೆ ದಾಟಿದ್ದು ಮೆಲ್ಲಮೆಲ್ಲಗೆ. 1935ರಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಿಲಯ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬೆಳೆದದ್ದು ಈ ಮೈಸೂರಿನ ನಿಲಯದಿಂದ. ಆಮೇಲೆ ರಾಜಧನ ಹೋಯಿತು, 1971ರಲ್ಲಿ. ದಸರಾ ಸರ್ಕಾರದ ನಾಡಹಬ್ಬವಾಯಿತು. ಅರಮನೆ ಅಂಗಳ ಎಲ್ಲರಿಗೂ ತೆರೆಯಿತು.

‘ನಮ್ಮಪ್ಪ ಕೋಟೆ ಬಾಗ್ಲ ಹೊರಗೆ ನಿಂತು ಬ್ಯಾಂಡ್ ಕೇಳಿಸ್ಕೊಂಡು ಬಂದೋರು. ನಾನು ಒಳಗೆ ಕುರ್ಚಿ ಮೇಲೆ ಕೂತ್ಕಂಡಿವ್ನಿ. ಅದ್ಕೆ ತಪ್ಸಲ್ಲ’ ಎಂದರು ಯಜಮಾನರು. ಮೇಷ್ಟರು ಸುಮ್ಮನಾದರು.

ಎಂಟಕ್ಕೆ ಶ್ರುತಿ ಕೂಡಿತು

ಕೊನೆಗೂ ಎಂಟು ಹೊಡೆದ ಮೇಲೆ ವೀಣೆ ಬಂತು. ವಿದುಷಿ ಕೂತು ತಂತಿ ಮೀಟಿ ನೋಡಿದರು. ರಾತ್ರಿಯ ತಂಪಿಗೆ ಶ್ರುತಿ ಕದಲುತ್ತದೆ. ಬಯಲಿನಲ್ಲಿ ನುಡಿಸುವವರಿಗೆ ಇದೊಂದು ಪೀಡೆ. ಮೃದಂಗದವರು ಎಡಬದಿಗೆ ರವೆ ಮೆತ್ತಿದರು, ಬಲಬದಿಯ ಅಂಚನ್ನು ತಟ್ಟಿ ತಟ್ಟಿ ಸರಿಮಾಡಿದರು. ಹತ್ತು ನಿಮಿಷ ಅದಕ್ಕೇ ಹೋಯಿತು. ದೀಪಕ್ಕಾಗಿ ಬಂದಿದ್ದ ಸಂಸಾರಗಳು ಎದ್ದು ಐಸ್‌ಕ್ರೀಮ್ ಗಾಡಿಯ ಕಡೆ ನಡೆದವು.

ಮೊದಲು ವರ್ಣ. ಆಮೇಲೆ ಗಣಪತಿಯ ಮೇಲೊಂದು ಕೃತಿ. ಆಮೇಲೆ ವಾಸುದೇವಾಚಾರ್ಯರ ಖಮಾಚ್. ಹೂವಿನ ಅಮ್ಮನಿಗೆ ರಾಗದ ಹೆಸರು ಗೊತ್ತಿಲ್ಲ. ತಲೆ ಮಾತ್ರ ತೂಗುತ್ತಿತ್ತು.

‘ಏನ್ ಅರ್ಥ ಆಯ್ತದವ್ವ?’ ಎಂದು ಪಕ್ಕದ ಹುಡುಗ ತಮಾಷೆ ಮಾಡಿದ.

‘ಅರ್ಥ ಆಗಾಕೆ ಇದೇನ್ ಕೋರ್ಟ್ ಕಾಗ್ದಾನೇನಪ್ಪ? ಕಿವಿಗ್ ತಂಪಾಯ್ತದೆ, ಸಾಕು’ ಎಂದಳು ಆಕೆ. ಮೇಷ್ಟರೇ ನಕ್ಕುಬಿಟ್ಟರು. ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ, ಅಂದರೆ 2023ರಿಂದ, ಆಕೆ ಒಂದು ನವರಾತ್ರಿಯನ್ನೂ ತಪ್ಪಿಸಿಲ್ಲವಂತೆ.

ಎಂಟೂ ಮುಕ್ಕಾಲಿಗೆ ಕಲ್ಯಾಣಿ ಎತ್ತಿಕೊಂಡರು. ಯಜಮಾನರು ವರ್ಷವೆಲ್ಲ ಕಾದದ್ದು ಇದಕ್ಕೆ. ವೀಣೆಯ ಒಂದೊಂದು ಮೀಟು ಅಂಗಳದ ಆ ಕೊನೆಯವರೆಗೂ ಹೋಗಿ ನಿಲ್ಲುತ್ತಿತ್ತು. ಗದ್ದಲ ತಾನಾಗಿ ಅಡಗಿತು. ಬಂದೋಬಸ್ತಿಗೆ ನಿಂತಿದ್ದ ಪೊಲೀಸಿನವರೂ ಲಾಠಿ ಕಂಕುಳಿಗೆ ಇಟ್ಟುಕೊಂಡು ವೇದಿಕೆ ಕಡೆ ತಿರುಗಿದರು. ಮುಂದಿನ ಸಾಲಿನ ಸೋಫಾಗಳು? ಭಾಷಣ ಮುಗಿಸಿದವರು ಎದ್ದು ಹೋಗಿದ್ದರು. ಅರ್ಧಕ್ಕರ್ಧ ಖಾಲಿ. ಬಿದಿರಿನ ಆಚೆ ಮಾತ್ರ ನಿಂತೇ ಕೇಳುವವರು ನೂರಾರು ಮಂದಿ.

ಒಂಬತ್ತು ಐದು. ಕೃತಿ ಮುಗಿದು ಸ್ವರ ಮುಗಿದು ತನಿ ಆವರ್ತನ ಶುರುವಾಯಿತು. ಮೃದಂಗ ಒಂದು ಮಾತು, ಘಟ ಒಂದು ಉತ್ತರ. ಯಜಮಾನರು ಎದ್ದು ನಿಂತರು. ಮತ್ತೆ ಕೂತರು. ಮತ್ತೆ ಗಡಿಯಾರ ನೋಡಿದರು.

‘ಇನ್ನೈದ್ ನಿಮಿಷ’ ಎಂದರು ಮೇಷ್ಟರು.

‘ಬಸ್ಸು ಕಾಯಲ್ಲ ಮೇಷ್ಟ್ರೇ’ ಎಂದು ಯಜಮಾನರು ಚಪ್ಪಲಿ ಮೆಟ್ಟಿದರು. ಹೂವಿನ ಅಮ್ಮನೂ ಬುಟ್ಟಿ ಎತ್ತಿಕೊಂಡಳು. ಅವಳದೂ ಅದೇ ದಿಕ್ಕಿನ ಬಸ್ಸು.

ಹಾರ್ಡಿಂಜ್ ಸರ್ಕಲ್‌ವರೆಗೂ ಮೃದಂಗ

ಕೋಟೆ ಬಾಗಿಲು ದಾಟಿ ಹಾರ್ಡಿಂಜ್ ಸರ್ಕಲ್‌ಗೆ ಬರುವವರೆಗೂ ಮೃದಂಗ ಕೇಳುತ್ತಲೇ ಇತ್ತು. ಈ ವೃತ್ತಕ್ಕೆ ಈಗ ಜಯಚಾಮರಾಜ ಒಡೆಯರ ಹೆಸರು. ಜನರ ಬಾಯಲ್ಲಿ ಇನ್ನೂ ಹಾರ್ಡಿಂಜೇ. ಅಲ್ಲಿಂದ ಮುಂದೆ ಆಟೋ, ಪೀಪಿ, ಬಲೂನು ಮಾರುವವರ ಕೂಗು. ಮೃದಂಗ ಕರಗಿತು. ಸಬರ್ಬನ್ ಬಸ್ ನಿಲ್ದಾಣಕ್ಕೆ ಓಡುನಡಿಗೆಯಲ್ಲಿ ಬಂದಾಗ ಕಂಡಕ್ಟರ್ ಸೀಟಿ ಬಾಯಿಗಿಟ್ಟಿದ್ದರು.

ಬಸ್ಸು ಹತ್ತಿದರೆ ಆಶ್ಚರ್ಯ! ಐದಾರು ಮಂದಿ ಅಲ್ಲಿಂದಲೇ ಎದ್ದು ಬಂದವರು. ಒಬ್ಬ ಮೆಕ್ಯಾನಿಕ್ ಹುಡುಗ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ. ‘ತನಿ ಮುಗೀತಾ?’ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಯಾರಿಗೂ ಗೊತ್ತಿಲ್ಲ. ಎಲ್ಲರೂ ಅರ್ಧದಲ್ಲೇ ಎದ್ದವರು.

‘ಮಂಗಳ ಕೇಳ್ದೆ ಎಷ್ಟ್ ವರ್ಷಾಯ್ತೋ’ ಎಂದು ಯಜಮಾನರು ಕಿಟಕಿ ಕಡೆ ತಿರುಗಿ ಹೇಳಿದರು. ಕಂಡಕ್ಟರ್ ‘ರೈಟ್’ ಎಂದರು.

ಕೇಳುವುದು ಮೂರೇ ಮಾತು

ಈ ಜನ ಕೇಳುವುದು ಹೆಚ್ಚೇನಿಲ್ಲ. ಒಂದು, ಏಳಕ್ಕೆಂದರೆ ಏಳಕ್ಕೆ ಶುರುವಾಗಲಿ. ಸನ್ಮಾನ ಬೇಡವೆಂದಲ್ಲ, ಅದಕ್ಕೆ ಬೇರೆ ಹೊತ್ತು ಇರಲಿ. ಮೂರು, ಮೂರೂವರೆ ಗಂಟೆ ಹರಡಿಕೊಳ್ಳಬೇಕಾದ ಕಛೇರಿಯನ್ನು ಒಂದೂವರೆ ಗಂಟೆಗೆ ಇಳಿಸಿದ್ದಾಗಿದೆ. ಅದರಲ್ಲೂ ಕತ್ತರಿ ಬಿದ್ದರೆ ವಿದ್ವಾಂಸರು ನುಡಿಸುವುದೇನು, ಕೇಳುವವರು ಕೇಳುವುದೇನು? ಎರಡು, ಕಛೇರಿ ಆರಂಭವಾಗಿ ಕಾಲು ಗಂಟೆಯಾದರೂ ಮುಂದಿನ ಸೀಟು ಖಾಲಿ ಇದ್ದರೆ ಹಿಂದೆ ನಿಂತವರನ್ನು ಬಿಡಲಿ. ಖಾಲಿ ಸೋಫಾ ತಲೆದೂಗುವುದಿಲ್ಲ. ಮೂರು, ದಸರಾ ವಿಶೇಷ ಬಸ್ಸುಗಳು ಓಡುತ್ತವೆ, ನಿಜ. ಒಂಬತ್ತು ದಿನದ ಮಟ್ಟಿಗಾದರೂ ಒಳಹಳ್ಳಿಗಳ ಕೊನೇ ಬಸ್ಸು ಮಂಗಳ ಮುಗಿದ ಮೇಲೆ ಹೊರಡಲಿ.

ಚೌಡಯ್ಯನವರು ಹಿಂದಿನ ಸಾಲಿಗೆ ನಾದ ಮುಟ್ಟಿಸಲು ಮೂರು ತಂತಿ ಹೆಚ್ಚು ಹಾಕಿದರು. ಅವರ ಊರಿನ ಕಡೆಗೆ ಹೋಗುವ ಬಸ್ಸು ಅರ್ಧ ಗಂಟೆ ತಡವಾಗಿ ಹೊರಟರೆ ಯಾರಿಗೆ ನಷ್ಟ?

ಮಾರನೆಯ ಬೆಳಿಗ್ಗೆ ಎಂಟಕ್ಕೆ ಯಜಮಾನರು ಎಂದಿನಂತೆ ಬಾಗಿಲು ತೆಗೆದು ತಕ್ಕಡಿಗೆ ಕುಂಕುಮ ಇಟ್ಟರು. ‘ಹೆಂಗಿತ್ತು ಅಪ್ಪಾಜಿ?’ ಎಂದ ಮಗ.

‘ಮುಕ್ಕಾಲು ಪಾಲು ಚೆನ್ನಾಗಿತ್ತು’ ಎಂದರು.