ಹೊಟ್ಟೇಳುವ ಚರ್ಮರೋಗ ಮತ್ತು ಬಯಾಪ್ಸಿ: ನಂಬಿಕೆ ಯಾವುದು, ನಿಜ ಯಾವುದು

ತುಮಕೂರು ನಗರದಲ್ಲಾಗಲಿ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಾಗಲಿ ಮೈಮೇಲೆ ದದ್ದು ಎದ್ದು ಹೊಟ್ಟು ಉದುರತೊಡಗಿದರೆ ಅದು ಇಸಬು, ಹುಳುಕಡ್ಡಿ, ಕಜ್ಜಿ, ನಂಜು ಎಂಬವುಗಳಲ್ಲಿ ಒಂದೆಂದು ಮನೆಯಲ್ಲಿಯೇ ತೀರ್ಮಾನವಾಗುತ್ತದೆ. ತಿಂಗಳುಗಟ್ಟಲೆ ವಾಸಿಯಾಗದಿದ್ದರೆ ನಾಗದೋಷದ ಮಾತು ಬಂದು ನಾಗಲಮಡಿಕೆಗೋ ಘಾಟಿ ಸುಬ್ರಹ್ಮಣ್ಯಕ್ಕೋ ಹರಕೆ ಹೊರುವುದೂ ಉಂಟು. ಹರಕೆಯಿಂದ ಚರ್ಮಕ್ಕೇನೂ ಕೇಡಿಲ್ಲ. ಕೇಡಾಗುವುದು ಆ ನಡುವೆ ಔಷಧಿ ಅಂಗಡಿಯಲ್ಲಿ ಕೇಳಿ ತಂದು ಹಚ್ಚಿದ ಮುಲಾಮಿನಿಂದ. ವೈದ್ಯಶಾಸ್ತ್ರವು ಗಟ್ಟಿಯಾದ ಸಣ್ಣ ಗುಳ್ಳೆ ಮತ್ತು ಹೊಟ್ಟು ಎರಡೂ ಕಾಣುವ ಉರಿಯೂತದ ರೋಗಗಳನ್ನು ಪ್ಯಾಪ್ಯುಲೋಸ್ಕ್ವೇಮಸ್ ರೋಗಗಳೆಂದು ಒಂದು ಗುಂಪಿನಲ್ಲಿಡುತ್ತದೆ. ಸೋರಿಯಾಸಿಸ್, ಲೈಕನ್ ಪ್ಲೇನಸ್, ಪಿಟಿರಿಯಾಸಿಸ್ ರೋಸಿಯಾ ಈ ಗುಂಪಿನವು. ಹುಳುಕಡ್ಡಿ, ಹಳೆಯ ಇಸಬು, ಎರಡನೆಯ ಹಂತದ ಸಿಫಿಲಿಸ್, ಔಷಧದ ಅಡ್ಡಪರಿಣಾಮದ ದದ್ದು ಇವುಗಳ ವೇಷ ಹಾಕಬಲ್ಲವು. ನೋಟಕ್ಕೆ ಹತ್ತಿರವಾದ ಇವುಗಳ ಚಿಕಿತ್ಸೆಯಲ್ಲಿ ಬಹಳ ಅಂತರವಿದೆ: ಸಿಫಿಲಿಸ್‌ಗೆ ಪೆನಿಸಿಲಿನ್, ತೀವ್ರವಾದ ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್‌ನಂಥ ಔಷಧ ಬೇಕಾದರೆ, ಪಿಟಿರಿಯಾಸಿಸ್ ರೋಸಿಯಾ ಸಾಮಾನ್ಯವಾಗಿ ಆರೆಂಟು ವಾರಗಳಲ್ಲಿ ತಾನೇ ಮಾಯುತ್ತದೆ.

ಹೊಟ್ಟೇಳುವ ದದ್ದೆಲ್ಲವೂ ಕುಷ್ಠದ ಸಂತತಿ, ಹಾಗಾಗಿ ಅಂಟುಜಾಡ್ಯ ಎಂಬ ಭಯ ಹಳೆಯದು, ಹಳ್ಳಿಗಷ್ಟೇ ಸೀಮಿತವಾದುದೂ ಅಲ್ಲ. ಯುರೋಪಿನ ವೈದ್ಯರೇ 19ನೆಯ ಶತಮಾನದ ನಡುಭಾಗದವರೆಗೆ ಸೋರಿಯಾಸಿಸ್ ಮತ್ತು ಕುಷ್ಠಗಳನ್ನು ಬೆರೆಸುತ್ತಿದ್ದರು. 1841ರಲ್ಲಿ ವಿಯೆನ್ನಾದ ಫರ್ಡಿನೆಂಡ್ ಫಾನ್ ಹೆಬ್ರಾ ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದರು, 1873ರಲ್ಲಿ ನಾರ್ವೆಯ ಗೆರ್ಹಾರ್ಡ್ ಹ್ಯಾನ್ಸನ್ ಕುಷ್ಠದ ರೋಗಾಣುವನ್ನು ಗುರುತಿಸಿದರು. ಸೋರಿಯಾಸಿಸ್ ಅಂಟುವುದಿಲ್ಲ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ, ಅಲ್ಲಿಂದ ತೆಗೆದ ಚರ್ಮದ ತುಣುಕಿನಲ್ಲಿ ನರಗಳ ಸುತ್ತ ರಕ್ಷಕ ಕೋಶಗಳ ಗಂಟುಗಳು ಕಾಣುತ್ತವೆ, ಫೈಟ್ ಎಂಬ ವಿಶೇಷ ಬಣ್ಣ ಹಾಕಿದರೆ ಕೆಲವು ಬಗೆಗಳಲ್ಲಿ ರೋಗಾಣುವೇ ಕಾಣಿಸುತ್ತದೆ. ಹಾಗೊಂದು ವೇಳೆ ಕುಷ್ಠವೇ ಆಗಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುವ ಬಹುಔಷಧ ಚಿಕಿತ್ಸೆಯಿಂದ ಅದು ಗುಣವಾಗುತ್ತದೆ.

ಬಯಾಪ್ಸಿ, ಅಂದರೆ ಪರೀಕ್ಷೆಗೆ ಚರ್ಮದ ತುಣುಕು ತೆಗೆಯುವುದು, ಕ್ಯಾನ್ಸರಿನ ಸಂಶಯದ ಗುರುತು ಎಂಬ ತಿಳಿವಳಿಕೆ ಕುಷ್ಠದ ಭಯಕ್ಕಿಂತ ಹೊಸದು, ಆದರೆ ರೋಗಿಯನ್ನು ಆಸ್ಪತ್ರೆಯ ಬಾಗಿಲಿನಿಂದ ಹಿಂದಿರುಗಿಸುವುದರಲ್ಲಿ ಅದರಷ್ಟೇ ಸಮರ್ಥವಾದುದು. ಹೊಟ್ಟೇಳುವ ರೋಗಗಳಲ್ಲಿ ಚರ್ಮದ ತುಣುಕನ್ನು ಕೇಳುವುದು ಬಹುಪಾಲು ಉರಿಯೂತದ ಬಗೆಯನ್ನು ತಿಳಿಯುವುದಕ್ಕೆ. ಆ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಪಂಚ್ ಎಂಬ ದುಂಡನೆಯ ಅಲಗಿನಿಂದ 3ರಿಂದ 4 ಮಿಲಿಮೀಟರ್ ಅಗಲದ ತುಣುಕನ್ನು ತೆಗೆದು, ಒಂದೆರಡು ಹೊಲಿಗೆ ಹಾಕಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಎಲ್ಲರಿಗೂ ಇದು ಬೇಕಾಗುವುದೂ ಇಲ್ಲ: ಮೊಣಕೈ, ಮೊಣಕಾಲುಗಳ ಮೇಲಿನ ಬೆಳ್ಳಿಬಣ್ಣದ ಹೊಟ್ಟಿನ ಸೋರಿಯಾಸಿಸನ್ನು ತಜ್ಞರು ಕಣ್ಣಿನಿಂದಲೇ ಗುರುತಿಸುತ್ತಾರೆ, ಹುಳುಕಡ್ಡಿಗೆ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಶಿಲೀಂಧ್ರದ ಎಳೆಗಳನ್ನು ಹುಡುಕಿದರೆ ಸಾಕಾಗುತ್ತದೆ.

ಅಲಗು ತಗುಲಿದರೆ ರೋಗ ಮೈಯೆಲ್ಲ ಹರಡುತ್ತದೆ ಎಂಬ ನಂಬಿಕೆಯಲ್ಲಿ ಸತ್ಯದ ಒಂದು ಎಳೆಯಿದೆ. ಸೋರಿಯಾಸಿಸ್ ಮತ್ತು ಲೈಕನ್ ಪ್ಲೇನಸ್ ರೋಗಿಗಳಲ್ಲಿ ಗಾಯವಾದ ಜಾಗದಲ್ಲಿ ಹೊಸ ದದ್ದು ಏಳಬಹುದು; ಸೋರಿಯಾಸಿಸ್‌ನಲ್ಲಿ ಇದನ್ನು ಜರ್ಮನಿಯ ಹೈನ್ರಿಷ್ ಕೋಬ್ನರ್ 19ನೆಯ ಶತಮಾನದಲ್ಲಿಯೇ ಗಮನಿಸಿದ್ದರು, ಅದಕ್ಕೆ ಅವರ ಹೆಸರೇ ನಿಂತಿದೆ. ಆದರೆ ಅದು ಗಾಯವಾದಷ್ಟೇ ಜಾಗದ ಪ್ರತಿಕ್ರಿಯೆ. ಅಡಿಕೆ ತೋಟದಲ್ಲಿ ತರಚಿದ ಗಾಯವೂ, ದಿನವಿಡೀ ತುರಿಸಿಕೊಳ್ಳುವ ಉಗುರೂ ಬಯಾಪ್ಸಿಗಿಂತ ಹೆಚ್ಚು ಸಲ ಅದಕ್ಕೆ ಕಾರಣವಾಗುತ್ತವೆ.

ತುಣುಕಿನಲ್ಲಿ ಕಾಣುವುದೇನು ಎಂಬುದು ಈ ವಿಷಯದ ಸ್ವಾರಸ್ಯವಾದ ಭಾಗ. ಫಾರ್ಮಲಿನ್‌ನಲ್ಲಿ ಕೆಡದಂತೆ ಗಟ್ಟಿಗೊಂಡ ತುಣುಕನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ಮೂರರಿಂದ ಐದು ಭಾಗದಷ್ಟು ತೆಳ್ಳನೆಯ ಪದರಗಳಾಗಿ ಕೊಯ್ದು, ಕೋಶಕೇಂದ್ರಗಳಿಗೆ ನೀಲಿಯನ್ನೂ ಉಳಿದ ಭಾಗಗಳಿಗೆ ಗುಲಾಬಿಯನ್ನೂ ಕೊಡುವ ಜೋಡಿ ಬಣ್ಣಗಳಲ್ಲಿ ಅದ್ದಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಆರೋಗ್ಯವಂತ ಚರ್ಮದಲ್ಲಿ ಸುಮಾರು 28 ದಿನಗಳಲ್ಲಿ ಮೇಲಕ್ಕೆ ಬರುವ ಕೋಶ ಸೋರಿಯಾಸಿಸ್‌ನಲ್ಲಿ ಮೂರರಿಂದ ಐದು ದಿನಗಳಲ್ಲಿಯೇ ಬಂದುಬಿಡುವುದರಿಂದ, ಪಕ್ವವಾಗಲು ಬಿಡುವಿಲ್ಲದ ಆ ಕೋಶಗಳು ತಮ್ಮ ಕೇಂದ್ರವನ್ನು ಕಳೆದುಕೊಳ್ಳದೆ ಹೊಟ್ಟಿನ ಪದರವನ್ನು ಸೇರುತ್ತವೆ. ಅದರ ನಡುವೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಪುಟ್ಟ ಗುಂಪುಗಳು ಕಾಣುತ್ತವೆ, ಇವನ್ನು ಮನ್ರೋ ಕಿರುಕುರುಗಳೆನ್ನುತ್ತಾರೆ. ಮೇಲ್ಚರ್ಮದ ಏಣುಗಳು ಒಂದೇ ಉದ್ದಕ್ಕೆ ಕೆಳಗಿಳಿದಿರುತ್ತವೆ, ಅವುಗಳ ನಡುವೆ ಹಿಗ್ಗಿದ ರಕ್ತನಾಳಗಳ ಮೇಲಿನ ಹೊದಿಕೆ ಬಹಳ ತೆಳುವಾಗಿರುತ್ತದೆ. ಹೊಟ್ಟನ್ನು ಕೆರೆದಾಗ ಸೂಜಿಮೊನೆಯಂಥ ರಕ್ತದ ಚುಕ್ಕೆಗಳು ಏಳುವುದೇಕೆ ಎಂಬುದಕ್ಕೆ ಉತ್ತರ ಅಲ್ಲಿದೆ. ಲೈಕನ್ ಪ್ಲೇನಸ್‌ನಲ್ಲಿ ಇದಕ್ಕಿಂತ ಬೇರೆಯದೇ ಚಿತ್ರ: ಲಿಂಫೋಸೈಟ್ ಕಣಗಳು ಮೇಲ್ಚರ್ಮದ ತಳಕ್ಕೆ ಪಟ್ಟಿಯಂತೆ ಒತ್ತರಿಸಿ ನಿಂತು ತಳದ ಕೋಶಗಳನ್ನು ನಾಶಮಾಡುತ್ತವೆ, ಏಣುಗಳು ಗರಗಸದ ಹಲ್ಲಿನಂತಾಗುತ್ತವೆ, ಚರ್ಮದ ಕಪ್ಪು ಬಣ್ಣದ ಕಣಗಳು ಒಳಚರ್ಮಕ್ಕೆ ಜಾರಿ ಬೀಳುತ್ತವೆ. ದದ್ದು ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುವುದು ಇದರಿಂದಲೇ, ಔಷಧ ನಾಟಿಲ್ಲವೆಂದಲ್ಲ. ಬಿಳಿಯ ಚರ್ಮವನ್ನು ನೋಡಿ ಬರೆದ ಪಠ್ಯಪುಸ್ತಕಗಳು ಹೇಳುವ ಕೆಂಪು, ನೇರಳೆ ಛಾಯೆಗಳು ಈ ಸೀಮೆಯ ಕಂದು ಮೈಬಣ್ಣದಲ್ಲಿ ಮಸುಕಾಗುವುದರಿಂದ ಇಲ್ಲಿ ತುಣುಕಿನ ಸಾಕ್ಷ್ಯಕ್ಕೆ ಬೆಲೆ ಇನ್ನೂ ಹೆಚ್ಚು.

ಭಯ ಕಳೆದವರಲ್ಲಿ ಎದುರುದಿಕ್ಕಿನ ತಪ್ಪೊಂದು ಕಾಣುತ್ತದೆ: ವರದಿ ಬಂದರೆ ರೋಗದ ಹೆಸರು ಬಂತು, ಇನ್ನು ಮಾತಿಲ್ಲ ಎಂಬ ಅತಿವಿಶ್ವಾಸ. ವರದಿಯ ಗುಣ ಅರ್ಧಕ್ಕರ್ಧ ತುಣುಕು ತೆಗೆಯುವ ಮೊದಲೇ ನಿರ್ಧಾರವಾಗಿರುತ್ತದೆ. ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದ ಚರ್ಮದಲ್ಲಿ ಸೋರಿಯಾಸಿಸ್‌ನ ಲಕ್ಷಣಗಳು ಅಡಗುತ್ತವೆ, ಹುಳುಕಡ್ಡಿ ತನ್ನ ಉಂಗುರದ ಆಕಾರ ಕಳೆದುಕೊಂಡು ಗುರುತು ಸಿಗದಂತಾಗುತ್ತದೆ; ಆದ್ದರಿಂದ ಮುಲಾಮನ್ನು ಎರಡು ವಾರಗಳಾದರೂ ನಿಲ್ಲಿಸಿ, ತುರಿಸಿ ಕೆಟ್ಟಿರದ ದದ್ದಿನಿಂದ ತುಣುಕು ತೆಗೆಯುವುದು ವಾಡಿಕೆ. ಶಿಲೀಂಧ್ರದ ಸಂಶಯವಿದ್ದರೆ ಪಿಎಎಸ್ ಎಂಬ ಬಣ್ಣವನ್ನು ಕೇಳಿ ಬರೆಯಬೇಕು. ಅಡಿಕೆ ಸುಲಿಯುವವರ, ತೆಂಗಿನಕಾಯಿ ಸುಲಿಯುವವರ, ಸಿಮೆಂಟ್ ಕೆಲಸದವರ ಅಂಗೈ ದಪ್ಪಗಟ್ಟಿ ಬಿರಿದಾಗ ಅದು ಸೋರಿಯಾಸಿಸ್ಸೋ ವಸ್ತುವಿನ ಸ್ಪರ್ಶದಿಂದ ಬಂದ ಇಸಬೋ ಎಂಬುದನ್ನು ಗಾಜಿನ ಮೇಲಿನ ತುಣುಕು ಎಷ್ಟೋ ಸಲ ಬಿಡಿಸಿ ಹೇಳಲಾರದು. ಪಾರ್ಥೇನಿಯಂ ಎಂಬ ಕಾಂಗ್ರೆಸ್ ಗಿಡದಿಂದ ಕೆರಳಿ ಮೈಯೆಲ್ಲ ಕೆಂಪಾಗಿ ಸುಲಿಯುವ ಸ್ಥಿತಿಯಲ್ಲಿಯೂ ಹಾಗೆಯೇ. ಕಸುಬು, ಹಚ್ಚಿದ ಮುಲಾಮು, ನುಂಗಿದ ಮಾತ್ರೆ, ದದ್ದು ಎದ್ದ ಕ್ರಮ ಇವನ್ನೆಲ್ಲ ಬರೆಯದೆ ಬರಿಯ ‘ಚರ್ಮದ ತುಣುಕು’ ಎಂಬ ಚೀಟಿಯೊಡನೆ ಬಂದ ಡಬ್ಬಿಗೆ ಪ್ರಯೋಗಾಲಯ ಕೊಡಬಲ್ಲ ಉತ್ತರ ‘ಉರಿಯೂತವಿದೆ’ ಎಂಬಷ್ಟೇ ಆದರೆ ಅದರಲ್ಲಿ ಅಚ್ಚರಿಯಿಲ್ಲ.

ಇದೆಲ್ಲಕ್ಕೂ ಬೆಂಗಳೂರಿಗೇ ಹೋಗಬೇಕೆಂಬುದೂ ನಿಜವಲ್ಲ. ತುಮಕೂರಿನ ಅಗಳಕೋಟೆಯಲ್ಲಿ 1988ರಿಂದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಇದೆ, ಕುಣಿಗಲ್ಲಿನವರಿಗೆ ಬೆಳ್ಳೂರಿನ ಬಳಿಯ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯೂ ದೂರವಲ್ಲ. ಫಾರ್ಮಲಿನ್‌ನಲ್ಲಿಟ್ಟ ತುಣುಕಿಗೆ ಮಂಜುಗಡ್ಡೆ ಬೇಡ. ಗುಬ್ಬಿಯಲ್ಲಿ ತೆಗೆದುದನ್ನು ಮುಚ್ಚಳ ಬಿಗಿದ ಡಬ್ಬಿಯಲ್ಲಿ ತುಮಕೂರಿಗೆ ಕಳುಹಿಸಬಹುದು. ಲೂಪಸ್‌ನಂಥ ಕೆಲವು ರೋಗಗಳಲ್ಲಿ ಬೇಕಾಗುವ ಇಮ್ಯುನೊಫ್ಲೋರಸೆನ್ಸ್ ಪರೀಕ್ಷೆಗೆ ಮಾತ್ರ ಬೇರೆ ದ್ರಾವಣ ಬೇಕು.

ಎರಡನೆಯ ಸಲ ಬಯಾಪ್ಸಿ ಕೇಳಿದರೆ ಮೊದಲನೆಯದು ತಪ್ಪಾಗಿತ್ತೆಂದು ಭಾವಿಸುವವರಿದ್ದಾರೆ; ಹಾಗೆಂದೇನೂ ಇಲ್ಲ. ಮೈಕೋಸಿಸ್ ಫಂಗಾಯ್ಡಿಸ್ ಎಂಬುದು ಚರ್ಮದ ಲಿಂಫೋಸೈಟ್‌ಗಳ ಕ್ಯಾನ್ಸರ್, ಅಪರೂಪದ್ದು, ವರ್ಷಗಟ್ಟಲೆ ಇಸಬಿನಂತೆಯೇ ಹೊಟ್ಟೇಳುತ್ತಿದ್ದು ತುಣುಕಿನಲ್ಲಿಯೂ ಇಸಬಿನಂತೆಯೇ ತೋರಬಲ್ಲದು. ಚಿಕಿತ್ಸೆಗೆ ಬಗ್ಗದ ದದ್ದಿನಿಂದ ಕಾಲಾಂತರದಲ್ಲಿ ಮತ್ತೆ ಮತ್ತೆ ತುಣುಕು ತೆಗೆದು ನೋಡಿದಾಗಲೇ ಅದು ಬಯಲಾಗುವುದು ಹೆಚ್ಚು. ಮೊದಲ ತುಣುಕಿನ ಮೇಣದ ಅಚ್ಚು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುವುದರಿಂದ, ಬೇರೆ ಆಸ್ಪತ್ರೆಗೆ ಹೋಗುವವರು ವರದಿಯ ಜೊತೆಗೆ ಅದನ್ನೂ ಗಾಜಿನ ಪಟ್ಟಿಯನ್ನೂ ಕೇಳಿ ಪಡೆದು ಒಯ್ದರೆ, ಅಲ್ಲಿನವರು ಹಳೆಯದನ್ನು ಹೊಸದಾಗಿ ಕೊಯ್ದು, ಬೇರೆ ಬಣ್ಣ ಹಾಕಿ, ಈಗಿನ ತುಣುಕಿನೊಡನೆ ಹೋಲಿಸಿ ನೋಡಬಹುದು.