ನಿಮಗಿದು ಗೊತ್ತೇ? ನೆರಳಿಗೆ ಹೊಂಗೆ, ಚೆಂದಕ್ಕೆ ಗುಲ್‌ಮೊಹರ್

ಬಿರುಬಿಸಿಲಲ್ಲಿ ಗುಲ್‌ಮೊಹರ್ ಕೆಳಗೆ ಗಾಡಿ ನಿಲ್ಲಿಸಿದವರು ಮೋಸ ಹೋಗುತ್ತಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ಅದು ಬೋಳು ಬೋಳು. ಕೊಂಬೆಗಳಲ್ಲಿ ಜೋತಾಡುವುದು ಕತ್ತಿಯಂಥ ಒಣಕಾಯಿ ಮಾತ್ರ. ಮಡಗಾಸ್ಕರ್‌ನ ಈ ಮರ ಊರೂರಿಗೂ ಹಬ್ಬಿದ್ದು ಹೂವಿನ ಚೆಂದಕ್ಕೆ. ಬಿದ್ದ ಹೂವೊಂದನ್ನು ಎತ್ತಿಕೊಂಡು ನೋಡಿ: ಐದು ಎಸಳಲ್ಲಿ ನಾಲ್ಕು ಅಚ್ಚಗೆಂಪು, ಒಂದರ ಮೇಲೆ ಮಾತ್ರ ಬಿಳಿ-ಹಳದಿಯ ಗೀರು.

ಹೊಂಗೆಯೂ ಎಲೆ ಉದುರಿಸುತ್ತದೆ, ಆದರೆ ಬೇಗ ಚಿಗುರಿಬಿಡುತ್ತದೆ. ಯುಗಾದಿಯ ಹೊತ್ತಿಗೆ ತಿಳಿಹಸಿರು ತುಂಬಿಕೊಂಡು, ಬಿಸಿಲು ಏರಿದಂತೆ ನೆರಳೂ ದಟ್ಟವಾಗುತ್ತದೆ. ಎಲೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಕಂಡಿದ್ದೀರಾ? ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಕಟ್ಟಿಕೊಂಡ ಮನೆ ಅದು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಬೀಜದ ಎಣ್ಣೆ ಕಹಿ, ಒಗ್ಗರಣೆಗೆ ಬಾರದು. ಹಿಂದೆ ದೀಪಕ್ಕಾಯಿತು, ಈಗ ಸಾಬೂನಿಗೂ ಜೈವಿಕ ಡೀಸೆಲ್‌ಗೂ ಆಗುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಹೊಲಕ್ಕೆ ಗೊಬ್ಬರ. ಮನೆ ಮುಂದೆ ಒಂದೇ ಮರಕ್ಕೆ ಜಾಗವಿದ್ದರೆ ನನ್ನ ಮತ ಹೊಂಗೆಗೇ.

ಮಳೆಮರ ಸಂಜೆಯಾಗುತ್ತಲೇ ಎಲೆ ಮಡಚುತ್ತದೆ, ಮೋಡ ಕವಿದರೂ ಅಷ್ಟೆ. ಎಲೆಯ ಬುಡದ ಉಬ್ಬಿನಲ್ಲಿ ನೀರಿನ ಒತ್ತಡ ಏರಿಳಿಯುವುದೇ ಇದಕ್ಕೆ ಕಾರಣ. ಮಡಚಿದ ಎಲೆಗಳ ಸಂದಿನಿಂದ ಮಳೆನೀರು ನೇರ ನೆಲಕ್ಕಿಳಿಯುವುದರಿಂದ ಕೆಳಗೆ ಹುಲ್ಲು ಹಸಿರಾಗಿರುತ್ತದೆ. ಇದರ ಸಿಹಿ ಕಾಯಿಯನ್ನು ದನಗಳು ಬಿಡುವುದಿಲ್ಲ. ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ.

ಗಾಳಿಯೇ ಇಲ್ಲ ಅನ್ನಿಸಿದಾಗಲೂ ಅರಳಿ ಎಲೆ ಅಲುಗುತ್ತಿರುತ್ತದೆ. ತೊಟ್ಟು ಉದ್ದ, ಸಪೂರ, ಎಲೆ ಅಗಲ.

ಬೆಂಗಳೂರಿನ ಬಳಿಯ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಮೂಲ ಕಾಂಡವೇ ಈಗಿಲ್ಲ! ಅದು ರೋಗಕ್ಕೆ ಬಲಿಯಾಯಿತು. ನೆಲಕ್ಕಿಳಿದ ಬಿಳಲುಗಳೇ ಕಾಂಡಗಳಾಗಿ ಸುಮಾರು 3 ಎಕರೆಯ ಮರವನ್ನು ಹೊತ್ತವು. ಇನ್ನು ಆಲ ಹೂ ಬಿಟ್ಟದ್ದನ್ನು ಕಂಡವರಿಲ್ಲ ಎನ್ನುತ್ತಾರೆ. ಹೂಗಳಿರುವುದು ಹಣ್ಣೆಂದು ನಾವು ಕರೆಯುವ ಆ ಕೆಂಪು ಗುಂಡಿನ ಒಳಗೆ. ಸಾಸಿವೆಯಷ್ಟೂ ಇಲ್ಲದ ಕಣಜವೊಂದು ತೂರಿಹೋಗಿ ಪರಾಗ ಮುಟ್ಟಿಸಿದರೇ ಬೀಜ.

ನೀರುಕಾಯಿ ಮರದ ಮೊಗ್ಗಿನ ತುದಿ ಚಿವುಟಿ ಹಿಸುಕಿದರೆ ಪಿಚಕಾರಿ ತಯಾರು. ಆಫ್ರಿಕಾದಿಂದ ಬಂದದ್ದು. ಗಾಳಿಮಳೆಗೆ ಕೊಂಬೆ ಮುರಿದುಕೊಳ್ಳುವುದರಲ್ಲಿ ಮುಂದು. ಅದರಡಿ ಕಾರು ಬೇಡ.

ಹುಣಸೆಯೂ ಆಫ್ರಿಕಾ ಮೂಲದ್ದೇ, ನಮ್ಮ ಸಾರಿನ ಪಾತ್ರೆ ನಂಬದಿದ್ದರೂ! ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು.

ಬೆಂಗಳೂರಿನಲ್ಲಿ ಒಂದು ಹೂ ಮುಗಿಯುತ್ತಲೇ ಇನ್ನೊಂದು ಅರಳುವಂತೆ ಸಾಲುಮರ ಆರಿಸಿದ ಹೆಗ್ಗಳಿಕೆ ಜರ್ಮನಿಯ ಕ್ರುಂಬಿಗಲ್ ಅವರದು. ಲಾಲ್‌ಬಾಗ್ ಅವರ ಕೈಯಲ್ಲಿತ್ತು. ಅವರು ತೀರಿಕೊಂಡದ್ದೂ ಇದೇ ಊರಿನಲ್ಲಿ, 1956ರಲ್ಲಿ.

ಕಾಫಿ ತೋಟದಲ್ಲಿ ನೆರಳನ್ನೂ ಅಳೆದು ಕೊಡಬೇಕು. ಬೇಸಿಗೆಯಲ್ಲಿ ಗಿಡಕ್ಕೆ ಅದು ಬೇಕು, ಮಳೆಗಾಲದಲ್ಲಿ ಹೆಚ್ಚಾದರೆ ಕೊಳೆರೋಗ. ಅದಕ್ಕೇ ಮಳೆ ಹಿಡಿಯುವ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ. ಹಾಲುವಾಣದ ಕೊಂಬೆ ಎಷ್ಟು ಸವರಿದರೂ ಮತ್ತೆ ಚಿಗುರುತ್ತದೆ, ಸೊಪ್ಪು ಬುಡಕ್ಕೆ ಗೊಬ್ಬರ. ಆಸ್ಟ್ರೇಲಿಯಾದ ಸಿಲ್ವರ್ ಓಕ್ ನೆಟ್ಟಗೆ ಬೆಳೆದು ಕಾಳುಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬಲಿತ ಮೇಲೆ ಮರವೂ ಮಾರಾಟಕ್ಕೆ. ಉದುರಿದ ಎಲೆ ಮಾತ್ರ ಬೇಗ ಕೊಳೆಯುವುದಿಲ್ಲ.